ಕೌದಿಯ ಮೂಲೆ ಮತ್ತು ಇಂಗ್ಲೆಂಡಿನ ಒಂದು ತಾಸು

ಹುನಗುಂದದ ಸಂಗಯ್ಯನವರಿಗೆ ಯಾರಾದರೂ "ಟೈಮ್ ಎಷ್ಟಾತ್ರಿ?" ಎಂದು ಕೇಳಿದರೆ ಮುಖ ಅರಳುತ್ತಿತ್ತು. "ನಿಮ್ಮ ಟೈಮ್ ತಪ್ಪೈತ್ರಿ" ಎಂದರೆ ಮಾತ್ರ ಮನೆತನಕ್ಕೇ ಬೈದಂತಾಗುತ್ತಿತ್ತು. ಆಗಬೇಕಾದದ್ದೇ. ಮೂವತ್ತೆರಡು ವರ್ಷ ಬಸ್ ನಿಲ್ದಾಣದಲ್ಲಿ ಸಂಚಾರ ನಿಯಂತ್ರಕರಾಗಿದ್ದವರು ಅವರು. ಗಾಜಿನ ಕಿಟಕಿಯ ಹಿಂದೆ ಕುಳಿತು, ಮೈಕನ್ನು ತುಟಿಗೆ ತಾಗಿಸಿ, ಬಾಗಲಕೋಟೆಯ ಬಸ್ಸನ್ನು ಹೊರಡಿಸಿ, ಬಾದಾಮಿಯ ಬಸ್ಸನ್ನು ತಡೆದು, ಇಳಕಲ್ ಬಸ್ಸಿನ ಡ್ರೈವರನನ್ನು ಅರ್ಧ ಕಪ್ ಚಹಾದಿಂದ ಎಬ್ಬಿಸಿದ ಮನುಷ್ಯ. (ಬಸ್ಸುಗಳು ನಿಜವಾಗಿ ಅವರ ಮಾತು ಕೇಳುತ್ತಿದ್ದವೇ ಎಂಬುದು ಬೇರೆ ಪ್ರಶ್ನೆ. ಅವರು ಬರೆದಿಟ್ಟ ಪುಸ್ತಕದಲ್ಲಂತೂ ಎಲ್ಲ ಬಸ್ಸುಗಳೂ ಸರಿಯಾದ ಸಮಯಕ್ಕೇ ಹೊರಟಿವೆ.) ನಿವೃತ್ತರಾಗಿ ಎರಡು ವರ್ಷವಾದ ಮೇಲೂ, ತಮ್ಮ ಸಹಿ ಇಲ್ಲದೆ ಈ ಭೂಮಂಡಲ ದಿನಕ್ಕೊಂದು ಸುತ್ತು ಹೇಗೆ ತಿರುಗುತ್ತಿದೆ ಎಂಬ ಸಣ್ಣ ಸೋಜಿಗ ಅವರಿಗಿತ್ತು.

ಮನೆಯಲ್ಲಿ ಅವರ ಆಡಳಿತಕ್ಕೆ ಉಳಿದಿದ್ದು ಒಂದೇ ಒಂದು ಖಾತೆ: ಹೊತ್ತು ಮುಳುಗುತ್ತಲೇ ದೇವರ ಜಗಲಿಯ ಮೇಲೆ ದೀಪ ಹಚ್ಚುವುದು. ಉಳಿದ ಖಾತೆಗಳೆಲ್ಲ ಹೆಂಡತಿ ಬಾಳಮ್ಮನ ಕೈಯಲ್ಲಿದ್ದವು. ಒಂದೇ ಖಾತೆಯಾದರೂ ಸಂಗಯ್ಯನವರು ಅದನ್ನು ಒಂದು ನಿಮಿಷವೂ ಹಿಂದುಮುಂದಾಗದಂತೆ ನಡೆಸಿಕೊಂಡು ಬಂದಿದ್ದರು.

ಇಂಥ ಮನೆಗೆ ಇಂಗ್ಲೆಂಡು ಬಂತು.

ಕರೆತಂದವಳು ಅವರ ಅಣ್ಣನ ಮಗಳು ರಾಧಿಕಾ. ಬಾಗಲಕೋಟೆಯ ಕಾಲೇಜೊಂದರಲ್ಲಿ ಪಾಠ ಹೇಳುವ ಹುಡುಗಿ. ಬಾಳಮ್ಮ ಹೊಲಿದ ಕೌದಿಗಳ ಫೋಟೋ ತೆಗೆದು ಎಲ್ಲಿಗೋ ಕಳಿಸಿದ್ದಳು. ಹಳೆಯ ಸೀರೆಗಳನ್ನು ಪದರ ಪದರವಾಗಿ ಹಾಸಿ, ಈ ಅಂಚಿನಿಂದ ಆ ಅಂಚಿಗೆ ಸಾವಿರಾರು ಹೊಲಿಗೆ ಹಾಕಿ ಮಾಡುವ ಹೊದಿಕೆಗೆ ಇಂಗ್ಲೆಂಡಿನ ಒಂದು ಸಣ್ಣ ಊರಿನ ಹೊಲಿಗೆ ಸಂಘದ ಹೆಂಗಸರು ಮರುಳಾಗಿಬಿಟ್ಟರು. ಚಳಿಗಾಲಕ್ಕೆ ಅವರ ಊರಿನ ಸಭಾಭವನದಲ್ಲಿ ಬೇರೆ ಬೇರೆ ದೇಶದ ಹೊದಿಕೆಗಳ ಪ್ರದರ್ಶನವಂತೆ. ಬಾಳಮ್ಮ ತನ್ನ ತಾಯಿಯ ಸೀರೆಗಳಿಂದ ಹೊಲಿಯುತ್ತಿದ್ದ ಕೌದಿಯೇ ಬೇಕಂತೆ. ಅದಕ್ಕೂ ಮೊದಲು ಅದರ ಕೊನೆಯ ಮೂಲೆ ಮುಚ್ಚುವುದನ್ನು ಕಂಪ್ಯೂಟರಿನ ಪರದೆಯ ಮೇಲೆ ಕಣ್ಣಾರೆ ನೋಡಬೇಕಂತೆ.

ಬಾಳಮ್ಮ ಈ ಊರಿನಲ್ಲಿ ಹುಟ್ಟಿದ ಎಷ್ಟೋ ಕೂಸುಗಳಿಗೆ ಕೌದಿ ಹೊಲಿದುಕೊಟ್ಟವಳು. ಹೊದ್ದವರು ಬೆಚ್ಚಗೆ ಮಲಗಿದ್ದರೇ ಹೊರತು, "ಇದನ್ನ ಹೆಂಗ ಮಾಡಿದ್ಯವ್ವಾ?" ಎಂದು ಒಬ್ಬರೂ ಕೇಳಿರಲಿಲ್ಲ. ಈ ಸುದ್ದಿ ಬಂದ ದಿನ ಸಾರಿಗೆ ಎರಡು ಸಲ ಉಪ್ಪು ಬಿತ್ತು. ಸಂಗಯ್ಯನವರು ಸುಮ್ಮನೆ ಉಂಡರು. ಅಷ್ಟು ಸಂಚಾರ ನಿಯಮ ಅವರಿಗೂ ಗೊತ್ತಿತ್ತು.

ಬಾಳಮ್ಮನದು ಒಂದೇ ಷರತ್ತು. "ಹೊತ್ತ ಇರೂದ್ರಾಗ ಆಗ್ಬೇಕ್ ನೋಡವಾ ರಾಧಿಕಾ. ದೀಪ ಹಚ್ಚಿದ ಮ್ಯಾಲೆ ನಾ ಸೂಜಿ ಮುಟ್ಟಾಕಿ ಅಲ್ಲ. ನಮ್ಮವ್ವ ಮುಟ್ಟಿಲ್ಲ, ನಮ್ಮತ್ತಿ ಮುಟ್ಟಿಲ್ಲ."

"ಆತು ಚಿಗವ್ವ. ಅಕ್ಟೋಬರ್ ಕಡೀ ರವಿವಾರ, ಅವರ ಟೈಮ್ ಹನ್ನೆರಡೂವರಿಗೆ ಅಂದಾರ. ಚರ್ಚ್ ಮುಗಿಸಿ ಬರ್ತಾರಂತ. ನಮ್ಮ ಟೈಮ್ ಎಷ್ಟಾಗ್ತೈತಿ, ಮೊಬೈಲಿನ್ಯಾಗ ನೋಡಿ ಹೇಳ್ತೇನಿ."

"ಏನಂದಿ?" ಸಂಗಯ್ಯನವರು ಕುರ್ಚಿಯಿಂದ ಎದ್ದೇಬಿಟ್ಟರು. "ಟೈಮ್ ನೋಡಾಕ ಮೊಬೈಲ್? ನಿಮ್ಮ ಕಾಕಾ ಇನ್ನೂ ಬದಕ್ಯಾನ!"

ಆ ಕ್ಷಣದಿಂದ ಹುನಗುಂದ ಮತ್ತು ಇಂಗ್ಲೆಂಡಿನ ನಡುವಣ ಕಾಲದ ಉಸ್ತುವಾರಿ ಅವರ ಕೈಗೆ ಬಂತು. ಶುಕ್ರವಾರ ರಾಧಿಕಾಳಿಂದ ಆ ಸಂಘದ ಅಧ್ಯಕ್ಷೆ ಮಾರ್ಗರೆಟ್ ಎಂಬಾಕೆಗೆ ವಿಡಿಯೋ ಕರೆ ಮಾಡಿಸಿದರು. ನಮಸ್ಕಾರ, ಕುಶಲ ಯಾವುದೂ ಇಲ್ಲ. ಆಕೆಯ ಕೈಗಡಿಯಾರವನ್ನು ಕ್ಯಾಮೆರಾದ ಹತ್ತಿರ ಹಿಡಿಸಿ, ತಮ್ಮದರ ಜೊತೆ ತಾಳೆ ನೋಡಿದರು. ಸರಿಯಾಗಿ ನಾಲ್ಕೂವರೆ ತಾಸು ನಾವು ಮುಂದೆ. ಹನ್ನೆರಡೂವರೆಗೆ ನಾಲ್ಕೂವರೆ ಕೂಡಿಸಿದರೆ ಸಂಜೆ ಐದು. ಗೋಡೆಯ ಕ್ಯಾಲೆಂಡರಿನಲ್ಲಿ ಕೆಂಪು ಶಾಯಿಯಿಂದ "೫-೦೦, ಇಂಗ್ಲೆಂಡ್" ಎಂದು ಬರೆದು ಕೆಳಗೆ ಸಹಿ ಹಾಕಿದರು. ಹೊತ್ತು ಮುಳುಗಲು ಇನ್ನೊಂದು ತಾಸು ಉಳಿಯುತ್ತಿತ್ತು. ಇಂಥ ಸುಸೂತ್ರವಾದ ವೇಳಾಪಟ್ಟಿ ಅವರ ಸೇವಾವಧಿಯಲ್ಲೇ ಸಿಕ್ಕಿರಲಿಲ್ಲ.

"ಕಾಕಾ," ಎಂದು ರಾಧಿಕಾ ಫೋನಿನಲ್ಲಿ ಮೆಲ್ಲಗೆ ತೆಗೆದಳು, "ಆ ದೇಶದಾಗ ವರ್ಷಕ್ಕ ಎರಡ ಸಲ ಗಡಿಯಾರ ತಿರುವ್ತಾರಂತ. ಒಮ್ಮಿ ನೋಡ್ಕೊಂಡ್ರ..."

"ಗೊತ್ತೈತಿ, ಗೊತ್ತೈತಿ," ಎಂದರು ಸಂಗಯ್ಯನವರು. (ಗೊತ್ತಿರಲಿಲ್ಲ.) ಫೋನಿಟ್ಟವರೇ ಮೂಗಿನ ಮೇಲೆ ಚಾಳೀಸು ಏರಿಸಿ, ಒಂದು ಇಡೀ ಮಧ್ಯಾಹ್ನ ಅದೇ ಮೊಬೈಲಿನಲ್ಲಿ ಆ ದೇಶದ ಕಾಲ ಕಾನೂನನ್ನು ಅಧ್ಯಯನ ಮಾಡಿದರು. ಮಾರ್ಚ್ ತಿಂಗಳ ಕೊನೆಯ ರವಿವಾರ ಗಡಿಯಾರ ಒಂದು ತಾಸು ಮುಂದಕ್ಕೆ. ಅಕ್ಟೋಬರ್ ಕೊನೆಯ ರವಿವಾರ ರಾತ್ರಿ ಎರಡು ಗಂಟೆಗೆ ಒಂದು ತಾಸು ಹಿಂದಕ್ಕೆ. ಹಾಗೆ ತಿರುಗಿಸಿದಾಗ ನಮಗೂ ಅವರಿಗೂ ಇರುವ ಅಂತರ ನಾಲ್ಕೂವರೆಯಿಂದ ಐದೂವರೆ ತಾಸಿಗೆ ಹೋಗುತ್ತದೆ. ಹೊಸದಾಗಿ ಕಲಿತದ್ದನ್ನು ಹಳೆಯದೆಂಬಂತೆ ಹೇಳುವ ಕಲೆಯಲ್ಲಿ ಅವರು ನಿಪುಣರು. ಕೂಡಲೇ ಪಡಸಾಲೆಗೆ ಬಂದು, ಕೌದಿಯ ಎರಡು ಬದಿಗೆ ಕುಳಿತು ಹೊಲಿಯುತ್ತಿದ್ದ ಬಾಳಮ್ಮನಿಗೂ ಪಕ್ಕದ ಮನೆಯ ಅಮೀನಬಿಗೂ ಉಪನ್ಯಾಸ ಆರಂಭಿಸಿದರು.

"ಅಂದ್ರ ಇಡೀ ದೇಶ ಕೂಡಿ ಗಡಿಯಾರದ ಕೈಯಾಗ ಸುಳ್ಳ ಹೇಳಸ್ತೈತಿ ಅನ್ರಿ," ಎಂದಳು ಅಮೀನಬಿ.

"ಸುಳ್ಳಲ್ಲ ಅಮೀನಬಿ, ಕಾಯ್ದೆ!"

"ಕಾಯ್ದೆ ಮಾಡಿದ್ರ ಹೊತ್ತು ತಡಾ ಮಾಡಿ ಮುಳುಗ್ತೈತೇನ್ರಿ?" ಬಾಳಮ್ಮ ಸೂಜಿಯಿಂದ ಕಣ್ಣೆತ್ತಲಿಲ್ಲ.

"ಹೊತ್ತು ತನ್ನ ಪಾಡಿಗೆ ತಾ ಮುಳುಗ್ತೈತಿ. ಮಂದಿ ಒಂದ ತಾಸು ಮೊದಲ ಎದ್ದು ಕೆಲಸಕ್ಕ ಹತ್ತತಾರ. ಸಂಜೀಕ ಬೆಳಕ ಉಳೀತೈತಿ."

"ಹಂಗಿದ್ರ ಒಂದ ತಾಸು ಮೊದಲ ಏಳ್ರೋ ಅಂತ ಹೇಳಿದ್ರ ತೀರ್ತು. ಗಡಿಯಾರ ಯಾಕ ತಿರುವ್ಬೇಕು?"

"ಹೇಳಿದ್ರ ಯಾರ ಏಳ್ತಾರ? ನೀ ದಿನಾ ನನಗ ಹೇಳ್ತೀ. ನಾ ಏಳ್ತೇನೇನು?"

ವಾದದಲ್ಲಿ ಗೆದ್ದೆನೆಂದು ಸಂಗಯ್ಯನವರಿಗೆ ಖುಷಿಯಾಯಿತು. ಗೆದ್ದದ್ದು ಯಾರು ಎಂಬುದು ಅಮೀನಬಿಯ ನಗೆಯಲ್ಲಿ ಗೊತ್ತಾಗುವಂತಿತ್ತು. "ನಮ್ಮ ತಮ್ಮಂದು ರಾಮಥಾಳದ ಕಡೆ ಹೊಲ ಐತ್ರಿ ಅಯ್ಯನೋರ," ಎಂದಳು ಆಕೆ. "ಪಂಪಿಗೆ ಕರೆಂಟ್ ಒಂದ ವಾರ ಹಗಲಿ ಕೊಡ್ತಾರ, ಒಂದ ವಾರ ರಾತ್ರಿ ಕೊಡ್ತಾರ. ಅವಾ ಗಡಿಯಾರ ತಿರುವೂದಿಲ್ಲ. ತಾನ ತಿರುಗ್ತಾನ."

"ಅದೆಲ್ಲಾ ಇರ್ಲಿ," ಎಂದು ಬಾಳಮ್ಮ ಸೂಜಿ ನಿಲ್ಲಿಸಿದಳು. "ನಮ್ಮ ಕಾರ್ಯಕ್ರಮಕ್ಕ ಇದರಿಂದ ಏನರ ಅಡಚಣಿ ಐತೇನ್ರಿ?"

"ಏನೇನೂ ಇಲ್ಲ. ನಮ್ಮದು ರವಿವಾರ ಹೊತ್ತಿದ್ದಾಗ. ಅವರು ತಿರುವೂದು ರವಿವಾರ ರಾತ್ರಿ. ನಮ್ಮ ಬಸ್ ಊರ ಮುಟ್ಟಿ, ಡ್ರೈವರ ಉಂಡು ಮಲಗಿದ ಮ್ಯಾಲೆ ಅವರ ಗೇಟ್ ಬೀಳ್ತೈತಿ!"

ಈ ವಾಕ್ಯವನ್ನು ಅವರು ಎರಡು ಸಲ ಹೇಳಿದರು. ಅಷ್ಟು ಚೆನ್ನಾಗಿತ್ತು.

ರವಿವಾರ ಬಂತು. ಮಂಚದ ಮೇಲೆ ಕೌದಿ ಹಾಸಿತ್ತು. ಬಾಳಮ್ಮನ ಅವ್ವನ ಕಡುನೀಲಿ ಇಳಕಲ್ ಸೀರೆ ನಟ್ಟನಡುವೆ, ಸುತ್ತ ಅದರದೇ ಕೆಂಪು ಸೆರಗಿನ ತುಂಡುಗಳು. ಕಾಲ್ದೆಸೆಯ ಒಂದು ಮೂಲೆ ಮಾತ್ರ ಅಂಗೈ ಅಗಲ ಬಾಯಿ ತೆರೆದುಕೊಂಡಿತ್ತು. ಬಾಳಮ್ಮನ ತವರಿನ ಪದ್ಧತಿಯಂತೆ ಆ ಮೂಲೆಯೊಳಗೆ ಒಂದು ಚೂರು ಕಡಕ್ ರೊಟ್ಟಿ, ನಾಲ್ಕು ಕಾಳು ಜೋಳ ಇಟ್ಟು ಹೊಲಿದು ಮುಚ್ಚಬೇಕು. ಕೌದಿಯ ಹೊಟ್ಟೆ ತುಂಬಿದ್ದರೆ ಹೊದ್ದವರೂ ಉಪವಾಸ ಮಲಗುವುದಿಲ್ಲ ಎಂದು ನಂಬಿಕೆ. ಆದರೆ ಒಮ್ಮೆ ಹೊಟ್ಟೆ ತುಂಬಿಸಿದರೆ ಅದೇ ದಿನ ಮೂಲೆ ಮುಚ್ಚಲೇಬೇಕು. ತಿನ್ನುವುದಕ್ಕೆ ತೆರೆದ ಬಾಯಿ ಹಾಗೇ ಬಿಟ್ಟು ರಾತ್ರಿ ಕಳೆಯುವಂತಿಲ್ಲ.

ನಾಲ್ಕೂವರೆಗೆ ರಾಧಿಕಾ ಬಾಗಲಕೋಟೆಯಿಂದ ಬಂದು ಲ್ಯಾಪ್‌ಟಾಪನ್ನು ಸ್ಟೂಲಿನ ಮೇಲೆ ಅಣಿ ಮಾಡಿದಳು. ಅಮೀನಬಿ ಒಗೆದ ಸೀರೆ ಉಟ್ಟು ಬಂದಳು. ಸಂಗಯ್ಯನವರು ಹಣೆಯ ತುಂಬ ವಿಭೂತಿ ಧರಿಸಿ, ನಿವೃತ್ತಿಯ ದಿನ ಕೊಟ್ಟ ಶಾಲು ಹೊದ್ದು, ಕೈಗಡಿಯಾರವನ್ನು ಅಂಗಿಯ ತೋಳಿನ ಮೇಲೆ ಎಲ್ಲರಿಗೂ ಕಾಣುವಂತೆ ಕಟ್ಟಿಕೊಂಡರು.

"ಐದು! ಹೂಂ, ಹೊಟ್ಟಿ ತುಂಬಸು."

"ಅವರು ಬರ್ಲಿ ತಡೀರಿ. ಬಂದ ಮ್ಯಾಲೆ ಹಾಕ್ತೇನಿ."

"ಐದಂದ್ರ ಐದು. ತಡಾ ಆದ್ರ ಅವರ ಕಡೆಯಿಂದ ಆಗ್ಲಿ, ನಮ್ಮ ಕಡೆಯಿಂದ ಆಗಬಾರದು. ದೇಶದ ಮರ್ಯಾದಿ ಪ್ರಶ್ನೆ ಇದು."

ದೇಶದ ಮರ್ಯಾದೆಗಾಗಿ ಬಾಳಮ್ಮ ರೊಟ್ಟಿಯ ಚೂರು, ಜೋಳದ ಕಾಳು ಒಳಗಿಟ್ಟಳು. ಸೂಜಿಗೆ ದಾರ ಪೋಣಿಸಿ ಹಿಡಿದಳು. ನಾಲ್ವರೂ ಪರದೆ ನೋಡಿದರು. ಪರದೆಯ ಮೇಲೆ ಅವರದೇ ನಾಲ್ಕು ಮುಖಗಳು ಅವರನ್ನು ನೋಡಿದವು.

ಐದು ಗಂಟೆ ಐದು ನಿಮಿಷ. ಐದು ಗಂಟೆ ಹತ್ತು ನಿಮಿಷ. "ಇವರು ನಮ್ಮನ್ನ ಇನ್ನೂರು ವರ್ಷ ಹೆಂಗ ಆಳಿದ್ರೋ ಏನೋ," ಎಂದರು ಸಂಗಯ್ಯನವರು. ಬಾಗಿಲಿಗೆ ಹೋಗಿ ಬೀದಿ ನೋಡಿ ಬಂದರು, ಇಂಗ್ಲೆಂಡಿನವರು ನಡೆದುಕೊಂಡೇ ಬರುವವರಿದ್ದಂತೆ. ಐದು ಇಪ್ಪತ್ತಕ್ಕೆ ರಾಧಿಕಾ ಸೆರಗಿನ ಮರೆಯಲ್ಲಿ ಮೊಬೈಲು ನೋಡಿದಳು. ನೋಡಿದವಳು ನಾಲಿಗೆ ಕಚ್ಚಿಕೊಂಡಳು.

"ಕಾಕಾ... ಅಲ್ಲಿ ಈಗ ಇನ್ನೂ ಹನ್ನೊಂದೂ ಐವತ್ತು."

"ಸಾಧ್ಯ ಇಲ್ಲ. ಹನ್ನೆರಡೂ ಐವತ್ತು."

"ಗಡಿಯಾರ ತಿರುವ್ಯಾರ ಕಾಕಾ."

"ತಿರುವೂದು ರವಿವಾರ ರಾತ್ರಿ ಎರಡಕ್ಕ! ಇನ್ನೂ ರಾತ್ರಿ ಎಲ್ಲಾಗೈತಿ?"

"ಕಾಕಾ, ಅವರ ಲೆಕ್ಕದಾಗ ಹನ್ನೆರಡು ಹೊಡೆದ ಕೂಡ್ಲೆ ಹೊಸಾ ದಿನ. ರವಿವಾರ ರಾತ್ರಿ ಎರಡು ಅಂದ್ರ, ನಾವು ಶನಿವಾರ ಮಲಗಿ ರವಿವಾರ ಏಳೂದರೊಳಗ ಬರೂ ಎರಡು. ನಿನ್ನೆ ರಾತ್ರೇನ ತಿರುವಿ ಮುಗಿಸ್ಯಾರ."

ಸಂಗಯ್ಯನವರು ಮೆಲ್ಲಗೆ ಕುರ್ಚಿಗೆ ಇಳಿದರು. ಅವರಿಗೆ ದಿನವೆಂದರೆ ಸೂರ್ಯ ಹುಟ್ಟಿದಾಗ ಶುರುವಾಗುವಂಥದ್ದು. ಪಂಚಾಂಗಕ್ಕೂ ಹಾಗೆ, ಹಾಲು ಮಾರುವವನಿಗೂ ಹಾಗೆ. ಆದರೆ ಬಸ್ಸಿಗೆ? ಮಂಗಳವಾರ ರಾತ್ರಿ ಒಂದು ಗಂಟೆಯ ಬಸ್ಸಿಗೆ ಟಿಕೆಟ್ ಮಾಡಿಸಿ, ಮಂಗಳವಾರ ಉಂಡು, ತಾಂಬೂಲ ಹಾಕಿಕೊಂಡು, ಆ ಬಸ್ಸು ಹೋಗಿ ಇಡೀ ದಿನವಾದ ಮೇಲೆ ಗಂಟುಮೂಟೆ ಸಮೇತ ಬರುವ ಪ್ರಯಾಣಿಕರು ಪ್ರತಿ ತಿಂಗಳೂ ಇಬ್ಬರಾದರೂ ಇರುತ್ತಿದ್ದರು. "ಓದು ಬರಹ ಬರಂಗಿಲ್ಲೇನ್ರಿ?" ಎಂದು ಅವರಿಗೆ ಕಿಟಕಿಯಿಂದ, ಎಷ್ಟೋ ಸಲ ಮೈಕಿನಲ್ಲೇ, ಬುದ್ಧಿ ಹೇಳಿದವರು ಸ್ವತಃ ಸಂಗಯ್ಯನವರು.

"ಅಂದ್ರ ಅವರು ಬರೂದು ಎಷ್ಟಕ್ಕ?" ಬಾಳಮ್ಮ ಕೇಳಿದಳು.

"ಆರಕ್ಕ, ಚಿಗವ್ವ."

ಕ್ಯಾಲೆಂಡರಿನಲ್ಲಿ ಸೂರ್ಯಾಸ್ತ ಐದು ಗಂಟೆ ಐವತ್ತೆಂಟು ನಿಮಿಷ. ಎಲ್ಲರೂ ಒಮ್ಮೆಲೇ ಅದನ್ನು ಓದಿದರು. ಎರಡು ನಿಮಿಷ! ಬರೀ ಎರಡು ನಿಮಿಷಕ್ಕೆ ಬಾಳಮ್ಮನ ಕೈ, ಬಾಳಮ್ಮನ ಅವ್ವನ ಸೀರೆ, ಅಷ್ಟು ದೂರದ ಸಭಾಭವನ ಎಲ್ಲ ತಪ್ಪಿಹೋಗುವಂತಿತ್ತು.

"ಈಗ ಮುಚ್ಚಿ ಬಿಡ್ಲೇನು?" ಎಂದಳು ಬಾಳಮ್ಮ. ದನಿ ಸಣ್ಣಗಾಗಿತ್ತು. "ಹೊಟ್ಟಿ ತುಂಬಿಸಿಬಿಟ್ಟೇನಿ. ಬಿಡಾಕೂ ಬರೂದಿಲ್ಲ."

"ಮುಚ್ಚಿದ್ರ ತೋರಸೂದೇನು? ಮುಗಿದಿದ್ದ ಕೌದಿ ಫೋಟೋದಾಗ ನೋಡ್ಯಾರಲ್ಲ!" ಸಂಗಯ್ಯನವರು ಮತ್ತೆ ಎದ್ದರು. "ರಾಧಿಕಾ, ಆಕೀಗೆ ಫೋನ್ ಹಚ್ಚು. ಲಗೂನ ಬಾ ಅನ್ನು."

ಹಚ್ಚಿದಳು. ಫೋನು ಬಂದ್ ಆಗಿತ್ತು. ಮಾರ್ಗರೆಟ್ ಚರ್ಚಿನಲ್ಲಿದ್ದಳು.

"ಚರ್ಚಿಗೇ ಹಚ್ಚು!"

"ಪ್ರಾರ್ಥನಾದಾಗ ಇರ್ತಾರ್ರಿ ಅಯ್ಯನೋರ, ಹಂಗ ಎಬ್ಬಿಸಬಾರದು," ಎಂದು ಅಮೀನಬಿ ತಡೆದಳು.

ಬಾಳಮ್ಮ ಕೌದಿಯ ಮೇಲೆ ಅಂಗೈ ಆಡಿಸಿದಳು. ಕೊನೆಗೆ, ಮದುವೆಯಾದ ಇಷ್ಟು ವರ್ಷದಲ್ಲಿ ಆಡದ ಮಾತೊಂದನ್ನು ಆಡಿದಳು: "ಇವತ್ತೊಂದ ದಿವಸ ದೀಪ ಹತ್ತು ನಿಮಿಷ ತಡಾ ಆಗ್ಲಿ. ಹತ್ತ ನಿಮಿಷದಾಗ ನಾ ಮೂಲಿ ಮುಗಸ್ತೇನಿ. ದೇವರಿಗೆ ಆಮ್ಯಾಲೆ ನಾನ ಹೇಳ್ಕೋತೇನಿ. ನೀವು ಮಾತ್ರ ಸುಮ್ನ ಒಂದ ಕಡೆ ಕುಂದರ್ರಿ."

ಸುಮ್ಮನೆ ಕುಳಿತುಕೊಳ್ಳುವುದು! ಬಸ್ಸು ಬರದಿದ್ದಾಗ ಸಂಚಾರ ನಿಯಂತ್ರಕನಾದವನು ಸುಮ್ಮನೆ ಕುಳಿತದ್ದು ಎಲ್ಲಾದರೂ ಉಂಟೆ? ಸಂಗಯ್ಯನವರು ಬಾಗಿಲಿಗೆ ಹೋದರು. ಬಾಗಿಲಿನಿಂದ ಪರದೆಗೆ, ಪರದೆಯಿಂದ ಕ್ಯಾಲೆಂಡರಿಗೆ, ಕ್ಯಾಲೆಂಡರಿನಿಂದ ಜಗಲಿಗೆ, ಜಗಲಿಯಿಂದ ಮತ್ತೆ ಬಾಗಿಲಿಗೆ. ನೀರಿನ ಟಾಕಿಯ ಹಿಂದೆ ಸೂರ್ಯ ಇಳಿಯುತ್ತಿದ್ದ. ಅವನಿಗೂ ಒಂದು ಸೀಟಿ ಊದಿ ನಿಲ್ಲಿಸಬಹುದೇನೋ ಎಂಬಂತೆ ದಿಟ್ಟಿಸಿದರು, ನಿಲ್ಲಲಿಲ್ಲ. ಮತ್ತೊಂದು ಸುತ್ತು. ಶಾಲು ಜಾರಿತು, ಏರಿಸಿಕೊಂಡರು. ದೀಪಾವಳಿಯಿಂದ ಉಳಿದ ಕರ್ಜಿಕಾಯಿ ಒಂದನ್ನು ಡಬ್ಬಿಯಿಂದ ತೆಗೆದು, ಕಚ್ಚಿ, ಮರೆತು, ಕಿಟಕಿಯಲ್ಲಿಟ್ಟರು. ಐವತ್ತಾರು. ಐವತ್ತೆಂಟು. ಸೂರ್ಯ ವೇಳಾಪಟ್ಟಿಯಂತೆ ಹೊರಟುಹೋದ. ಐವತ್ತೊಂಬತ್ತು. ಬಾಳಮ್ಮ ಸೂಜಿ ಹಿಡಿದು ಸಿದ್ಧಳಾಗಿದ್ದಳು. ಸಂಗಯ್ಯನವರ ತಲೆಯೆಲ್ಲ ಇಂಗ್ಲೆಂಡಿನಲ್ಲಿತ್ತು; ಕಾಲುಗಳು ಜಗಲಿಯ ಮುಂದಿದ್ದವು; ಕೈಗಳು ಎರಡು ವರ್ಷದಿಂದ ಮಾಡಿದ್ದನ್ನೇ ಮಾಡಿದವು.

ಚರ್ ಎಂದು ಕಡ್ಡಿ ಗೀರಿದ ಸದ್ದಿಗೆ ಮೂವರೂ ತಿರುಗಿದರು. ಜಗಲಿಯ ಮೇಲೆ ದೀಪ ಮಂಗಳಕರವಾಗಿ ಉರಿಯುತ್ತಿತ್ತು.

ಅದೇ ಹೊತ್ತಿಗೆ ಲ್ಯಾಪ್‌ಟಾಪು ಟಿಣ್ ಎಂದಿತು. ಪರದೆಯ ಮೇಲೆ ಹನ್ನೆರಡು ಮುಖಗಳು, ಹನ್ನೆರಡು ಚಹಾದ ಬಟ್ಟಲುಗಳು. ಹನ್ನೆರಡೂ ಮಂದಿ ನಗುತ್ತ ಕೈ ಬೀಸಿದರು. ಸರಿಯಾಗಿ ಹನ್ನೆರಡೂವರೆ.

ಬಾಳಮ್ಮ ಸೂಜಿಯನ್ನು ಕೌದಿಯ ಮೇಲೆ ಇಟ್ಟಳು. ಗಂಡನನ್ನು ನೋಡಿದಳು. ಬೈಯಲಿಲ್ಲ. ಬೈದಿದ್ದರೆ ಸಂಗಯ್ಯನವರು ಬದುಕಿಕೊಳ್ಳುತ್ತಿದ್ದರು.

"ಆರಿಸಿ ಮತ್ತ ಹಚ್ಚಿದ್ರ?" ಎಂದು ಅವರೇ ಬಾಯಿ ಬಿಟ್ಟರು.

"ಹಚ್ಚಿದ ದೀಪ ಆರಸ್ತೀರಿ? ಆ ಶಾಣ್ಯಾತನಾನೂ ತೋರಿಸಿಬಿಡ್ರಿ ಅವರಿಗೆ."

"ಅಮೀನಬಿ, ನೀನರ..."

"ನಮ್ಮಮ್ಮೀನೂ ಸಂಜೀ ಮಗ್ರಿಬ್ ನಮಾಜ್ ಆದ ಮ್ಯಾಲೆ ಸೂಜಿ ಮುಟ್ಟಬ್ಯಾಡ ಅಂತಿದ್ಳ್ರಿ," ಎಂದು ಅಮೀನಬಿ ಕೈ ಹಿಂದಕ್ಕೆಳೆದುಕೊಂಡಳು. ರಾಧಿಕಾ ಆಗಲೇ ಎರಡು ಹೆಜ್ಜೆ ಹಿಂದೆ ಸರಿದಿದ್ದಳು. ಮಾರ್ಗರೆಟ್ ಏನೋ ಕೇಳಿದಳು; ರಾಧಿಕಾ ನಕ್ಕು ಏನೋ ಹೇಳಿ ಹೊತ್ತು ಕಳೆದಳು. ಕೌದಿ ಬಾಯಿ ತೆರೆದುಕೊಂಡು ಕಾಯುತ್ತಿತ್ತು.

ಆಗ ಅಮೀನಬಿಯ ಮುಖದಲ್ಲಿ ಏನೋ ಬೆಳಗಿತು. "ಅಕ್ಕಾ, ನಮ್ಮ ಮನಿಯವರು ದರ್ಜಿ. ರಾತ್ರಿ ಹತ್ತರ ತನಕ ಮಶೀನ್ ತುಳೀತಾರ. ಅವರಿಗೆ ಯಾರೂ ಏನೂ ಅಂದಿಲ್ಲ. ಈ ಕಟ್ಟು ಹೆಂಗಸರಿಗೆ ಅಷ್ಟ."

"ಅಹ್ಮದಸಾಬನ್ನ ಕರೀ ಹಂಗಾರ, ಲಗೂ!" ಸಂಗಯ್ಯನವರು ಕೂಗಿದರು.

"ಅವರು ಇಳಕಲ್ಲಿಗೆ ಹೋಗ್ಯಾರ್ರಿ." ಅಮೀನಬಿ ಸ್ವಲ್ಪ ತಡೆದು ಹೇಳಿದಳು, "ಇಲ್ಲಿ ಗಂಡಸರು ಅಂದ್ರ..."

ಮೂವರು ಹೆಂಗಸರೂ ಸಂಗಯ್ಯನವರನ್ನು ನೋಡಿದರು. ಏನು ನಡೆಯುತ್ತಿದೆ ಎಂದು ತಿಳಿಯದೆ ಇಂಗ್ಲೆಂಡಿನ ಹನ್ನೆರಡು ಹೆಂಗಸರೂ ಅವರನ್ನೇ ನೋಡಿದರು.

ಮುಂದಿನ ಅರ್ಧ ತಾಸು ಹುನಗುಂದದ ಇತಿಹಾಸದಲ್ಲಿ ದಾಖಲಾಗದಿರುವುದೇ ಮೇಲು. ಸಂಗಯ್ಯನವರು ಶಾಲು ತೆಗೆದಿಟ್ಟು, ಚಾಳೀಸು ಹಾಕಿಕೊಂಡು, ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ ಕುಳಿತರು. ಮೊದಲನೆಯ ಚುಚ್ಚು ಬಟ್ಟೆಗೆ ಬಿತ್ತು, ಎರಡನೆಯದು ಹೆಬ್ಬೆರಳಿಗೆ.

"ಸಣ್ಣ ಹೊಲಗಿ. ಸಣ್ಣದು ಅಂದ್ನಿ. ಅದರಾಗ ಎತ್ತು ಹಾಯ್ತೈತಿ. ಬಿಚ್ರಿ," ಎಂದಳು ಬಾಳಮ್ಮ. ರಾಧಿಕಾ ಇಂಗ್ಲಿಷಿಗೆ ತಿರುಗಿಸಿದಳು. ಹನ್ನೆರಡು ತಲೆಗಳು ಗಂಭೀರವಾಗಿ ಆಡಿದವು; ಇಬ್ಬರು ಬರೆದುಕೊಂಡರು.

"ದಾರ ಇಷ್ಟ ಬಿಗೀ ಜಗ್ಗಬ್ಯಾಡ್ರಿ, ಬಟ್ಟಿ ಮುದುಡ್ತೈತಿ. ಬಸ್ಸಿನ ಗಂಟಿ ಹಗ್ಗ ಅಲ್ಲ ಅದು." ಅದನ್ನೂ ರಾಧಿಕಾ ತಿರುಗಿಸಿದಳು. ಮಾರ್ಗರೆಟ್ ಕಣ್ಣೊರೆಸಿಕೊಂಡು ನಕ್ಕಳು.

ಬಾಳಮ್ಮನ ಹೊಲಿಗೆಯ ಸಾಲೆಂದರೆ ನೂಲು ಹಿಡಿದು ಗೆರೆ ಎಳೆದಂತೆ. ಸಂಗಯ್ಯನವರ ಸಾಲು, ಹುನಗುಂದದಿಂದ ಪಕ್ಕದ ಇಳಕಲ್ಲಿಗೆ ಹೊರಟ ಬಸ್ಸು ಬಾದಾಮಿ ಸುತ್ತಿ, ಬನಶಂಕರಿಯಲ್ಲಿ ಊಟಕ್ಕೆ ನಿಂತು ಹೋದಂತಿತ್ತು. ಆದರೂ ಹೋಗಿ ಮುಟ್ಟಿತು. ಕೌದಿಯ ಬಾಯಿ ಮುಚ್ಚಿತು. ಪರದೆಯಲ್ಲಿ ಚಪ್ಪಾಳೆ ಕೇಳಿದಾಗ ಸಂಗಯ್ಯನವರ ಬೆನ್ನು ಬಿಲ್ಲಾಗಿ, ಬೆರಳು ಜರಡಿಯಾಗಿತ್ತು. ಆದರೂ ತಲೆ ಎತ್ತಿ ಒಂದು ಗಂಭೀರವಾದ ನಮಸ್ಕಾರ ಮಾಡಿದರು.

ಮಾರ್ಗರೆಟ್ ತುಂಬ ಹೊತ್ತು ಮಾತಾಡಿದಳು. ಎಲ್ಲವೂ ಬಾಳಮ್ಮನ ಕಡೆಗೇ ಕೈ ಮಾಡಿ.

"ಏನಂತಾಳ?" ಎಂದು ಸಂಗಯ್ಯನವರು ಕೇಳಿದರು.

"ಕೌದಿ ಕಳಸ್ರಿ ಅಂತಾರ. ಸಭಾಭವನದಾಗ ನಟ್ಟನಡುವ ತೂಗು ಹಾಕ್ತಾರಂತ. ಇಂಥಾ ಕೈ ನಾವು ನೋಡಿದ್ದಿಲ್ಲ, ಇಂಥಾ ತಾಳ್ಮಿ ಅಂತೂ ಎಲ್ಲೂ ನೋಡಿದ್ದಿಲ್ಲ ಅಂದ್ರು." ರಾಧಿಕಾ ಗಂಟಲು ಸರಿಮಾಡಿಕೊಂಡಳು. "ಕೆಳಗ ಒಂದು ಚೀಟಿ ಹಚ್ಚತಾರಂತ. ಹೊಲಿದವರು, ಗುರು ಬಾಳಮ್ಮ. ಕಡೀ ಮೂಲಿ, ಕಲಿಯಾಕ ಹತ್ತಿದ ಶಿಷ್ಯ ಸಂಗಯ್ಯ."

ಬಾಳಮ್ಮ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ನಗುವೋ ಅಳುವೋ ಗೊತ್ತಾಗಲಿಲ್ಲ. ಆದರೆ ಅವತ್ತು ಸಾರಿಗೆ ಉಪ್ಪು ಸರಿಯಾಗಿತ್ತು.

ಇಷ್ಟಕ್ಕೇ ಮುಗಿದಿದ್ದರೆ ಸಂಗಯ್ಯನವರು ವಿದೇಶದಲ್ಲಿ ಹೆಸರು ಮಾಡಿದವರೆಂದು ಹೇಗೋ ಸಮಾಧಾನ ತಂದುಕೊಳ್ಳುತ್ತಿದ್ದರು. ಮರುದಿನ ಸಂಜೆ ದೀಪ ಹಚ್ಚಿ ತಿರುಗಿದರೆ ಬಾಗಿಲಲ್ಲಿ ಅಮೀನಬಿ. ಕಂಕುಳಲ್ಲಿ ಒಂದು ಸಣ್ಣ ಕೌದಿ. "ಸೊಸೀ ಕೂಸಿಗೆ ಹೊಲ್ಯಾಕ್ ಹತ್ತಿದ್ನಿ ಅಯ್ಯನೋರ. ಬಾಳಕ್ಕನ ಹಂಗ ನಾನೂ ಹೊಟ್ಟಿ ತುಂಬಿಸೇನಿ. ಮಗ್ರಿಬ್ ಆಗಿಬಿಡ್ತು. ಒಂದ ಮೂಲಿ ಅಷ್ಟ."

ಅಹ್ಮದಸಾಬ ಮನೆಯಲ್ಲೇ ಇದ್ದ. ಆದರೆ ಅವನು ಅಂಗಡಿಯ ಕೆಲಸಕ್ಕೇ ಸೋತುಹೋಗಿದ್ದಾನಂತೆ. ಅಯ್ಯನೋರು ಹೇಗೂ ಖಾಲಿ ಇರುವವರಂತೆ.

ಬುಧವಾರ ಹಿಂದಿನ ಓಣಿಯಿಂದ ಇಬ್ಬರು ಬಂದರು. ಒಬ್ಬಳದು ದಿಂಬಿನ ಚೀಲ, ಇನ್ನೊಬ್ಬಳದು ಮಗಳ ಪರಕಾರದ ಅಂಚು. ಗುರುವಾರ ಮೂವರು. ಹಿಂದೆಲ್ಲ ಹೊತ್ತು ಮುಳುಗುವುದರೊಳಗೆ ಗಡಿಬಿಡಿಯಿಂದ ಕೆಲಸ ಮುಗಿಸುತ್ತಿದ್ದ ಓಣಿಯ ಹೆಂಗಸರು ಈಗ ಮಧ್ಯಾಹ್ನ ಆರಾಮವಾಗಿ ಹರಟೆ ಹೊಡೆಯತೊಡಗಿದರು. ಉಳಿದರೆ ಉಳಿಯಿತು, ಅಯ್ಯನೋರು ಇದ್ದಾರಲ್ಲ. ದೂರ ಹೇಳುವವರೂ ಹುಟ್ಟಿಕೊಂಡರು: "ನಿನ್ನೇದು ಸೊಟ್ಟ ಆಗೈತ್ರಿ ಅಯ್ಯನೋರ, ಇಂಗ್ಲೆಂಡಿನವರಿಗೆ ಛಲೋ ಹಾಕೀರಿ, ನಮಗ ಹೆಂಗರ ಹಾಕೀರಿ."

ಶುಕ್ರವಾರ ಐದೂವರೆಗೆ ಸಂಗಯ್ಯನವರು ಅಡುಗೆಮನೆಯ ಬಾಗಿಲಿಗೆ ಬಂದು ನಿಂತರು. ಹೆಬ್ಬೆರಳಿಗೆ ಪಟ್ಟಿ ಕಟ್ಟಿತ್ತು.

"ಏ ಕೇಳಿಲ್ಲಿ. ನಾ ಒಂದ ವಿಚಾರ ಮಾಡೇನಿ. ನಾಳಿಂದ ದೀಪ ಒಂದ ತಾಸು ಮುಂದ ಹಾಕಿದ್ರ ಹೆಂಗ? ಮಂದಿಗೆ ತಮ್ಮ ತಮ್ಮ ಕೆಲಸ ತಾವ ಮುಗಿಸ್ಕೊಳ್ಳಾಕ ಬೆಳಕ ಸಿಗ್ತೈತಿ."

ಬಾಳಮ್ಮ ರೊಟ್ಟಿ ತಟ್ಟುವುದನ್ನು ನಿಲ್ಲಿಸಿ ಗಂಡನನ್ನು ಮೇಲಿಂದ ಕೆಳಗೆ ನೋಡಿದಳು.

"ಹೊತ್ತು ಮುಳುಗಿದ ಮ್ಯಾಲೆ ಬೆಳಕ ಎಲ್ಲಿಂದ ತರ್ತೀರಿ?"

ಬಾಳಮ್ಮ ಕೈ ಒರೆಸಿಕೊಂಡು ಬಂದು, ಗಂಡನ ಒಂದು ಕೈಗೆ ಕಡ್ಡಿಪೆಟ್ಟಿಗೆ ಕೊಟ್ಟಳು, ಇನ್ನೊಂದಕ್ಕೆ ಸೂಜಿ.

"ತಡಾ ಮಾಡಬ್ಯಾಡ್ರಿ. ಹೊರಗ ನಾಲ್ಕ ಮಂದಿ ಬಂದ ನಿಂತಾರ."